ಬೀಡಿ ಪುಸ್ತಕದಿಂದ ಅರ್ಥಶಾಸ್ತ್ರಕ್ಕೆ



ನಾನು ಡಿಗ್ರಿಗೆ ಅರ್ಥಶಾಸ್ತ್ರ ತೆಗೆದುಕೊಂಡಾಗ ಮಾವ, "ಬಿಕಾಂ ಬಿಟ್ಟು ಇದೆಂಥದ್ದು?" ಅಂದರು. ನನ್ನಮ್ಮ ಬೀಡಿ ಕಟ್ಟುವವರು. ಬ್ರಾಂಚಿನಲ್ಲಿ ಕೊಟ್ಟ ಎಲೆಗೆ ಇಷ್ಟು ಬೀಡಿ ಆಗಲೇಬೇಕು, ಕಮ್ಮಿಯಾದರೆ ಮಜೂರಿಯಲ್ಲಿ ಕಡಿತ. ಏಳನೇ ಕ್ಲಾಸಿನಿಂದ ಅಮ್ಮನ ಪುಸ್ತಕದ ಲೆಕ್ಕ ನೋಡುವವಳು ನಾನೇ. ಕೂಡಿಸಿದ್ದು ಸರಿಯೇ ಇರುತ್ತಿತ್ತು. ಮಜೂರಿ ಇಷ್ಟೇ ಯಾಕೆ ಅನ್ನುವುದು ಮಾತ್ರ ಅದರಲ್ಲಿ ಇರಲಿಲ್ಲ. ಬಿಕಾಂ ಕೆಟ್ಟದ್ದಲ್ಲ ಮಾರಾಯ್ರೆ, ನನ್ನ ಪ್ರಶ್ನೆ ಬೇರೆ. ಬಾಬಾಸಾಹೇಬರು 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ. ಮಾಡಿದಾಗಲೂ ಮುಖ್ಯ ವಿಷಯ ಅರ್ಥಶಾಸ್ತ್ರವೇ.

ಸುಲಭ ಅಂತ ಹೇಳುವುದಿಲ್ಲ. ಕಾಸರಗೋಡಿನ ಕನ್ನಡ ಮೀಡಿಯಂನಿಂದ ಹೋದವಳಿಗೆ ಪಾಠ ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರ್ ಹೋಯಿತು. ನಾಲ್ಕು ವರ್ಷದ ಡಿಗ್ರಿಯಲ್ಲಿ ಎರಡನೇ ಸೆಮಿಸ್ಟರ್ ಆದ ಮೇಲೆ ಸೀಟಿದ್ದರೆ ಮೇಜರ್ ಬದಲಿಸಬಹುದು. ಬದಲಿಸಲಾ ಅಂತ ಅಮ್ಮನಲ್ಲಿ ಕೇಳಿದೆ. "ಓದುವಾಗ ನಿಂಗೆ ನಿದ್ದೆ ಬರ್ತದಾ?" ಅಂತ ಎಲೆ ಕತ್ತರಿಸುತ್ತಲೇ ಕೇಳಿದರು. ಇಲ್ಲ ಅಂದೆ. ಆ ಪೇಪರ್ ಮತ್ತೆ ಬರೆದು ಪಾಸಾದೆ.

ನನ್ನ ಪುಸ್ತಕಗಳು, ಗೆಳತಿಯರು ಕೊಟ್ಟ ಇತಿಹಾಸ, ಕನ್ನಡ, ಕಾಮರ್ಸ್ ಪುಸ್ತಕಗಳು ಸಂಘದ ಕೋಣೆಯಲ್ಲಿವೆ. ಅರ್ಜಿ ಹಾಕುವ ಮೊದಲು ಬಂದು ಹತ್ತು ಹತ್ತು ಪುಟ ಓದಿ ನೋಡಿ. ಭಾನುವಾರ ಸಂಜೆ ನಾನು ಅಲ್ಲೇ ಇರುತ್ತೇನೆ.