ಗೋಡೆಯಾಚೆಗೂ ಹಬ್ಬಿದ ಎಸ್ಟೇಟು



ಹುಬ್ಬಳ್ಳಿಯಿಂದ ದಕ್ಷಿಣಾಭಿಮುಖವಾಗಿ ಹೆದ್ದಾರಿ ಹಿಡಿದವರಿಗೆ ಹಾವೇರಿ, ರಾಣೆಬೆನ್ನೂರುಗಳನ್ನು ದಾಟಿದ ಮೇಲೆ ತುಂಗಭದ್ರೆ ಎದುರಾಗುತ್ತಾಳೆ. ಈಚೆ ದಡದಲ್ಲಿ ಕುಮಾರಪಟ್ಟಣ, ಆಚೆ ದಡದಲ್ಲಿ ಹರಿಹರ. ಒಂದು ಕಾಲಕ್ಕೆ ಈ ಹೊಳೆಯೇ ಮುಂಬಯಿ ಪ್ರಾಂತಕ್ಕೂ ಮೈಸೂರು ಸಂಸ್ಥಾನಕ್ಕೂ ಗಡಿಯಾಗಿತ್ತು. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಈಚೆ ದಡ ಧಾರವಾಡ ಜಿಲ್ಲೆಗೆ ಸೇರಿತ್ತು. ಎರಡು ದಡಗಳಲ್ಲಿ ಎರಡು ಉದ್ಯಮಿ ಮನೆತನಗಳು ನೆಲೆಯೂರಿದವು. ಅವುಗಳ ಕಥೆಯನ್ನು ಒಟ್ಟಿಗಿಟ್ಟು ನೋಡಿದರೆ ಮಲೆನಾಡಿನವರಿಗೂ ಸಂಬಂಧಿಸಿದ ಸಂಗತಿಯೊಂದು ಹೊರಬರುತ್ತದೆ.

ಆಚೆ ದಡದವರು ಕಿರ್ಲೋಸ್ಕರರು. ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸುತ್ತ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂದು ಅಂಜಿದ ರೈತರು ಮೊದಮೊದಲು ಅದನ್ನು ಕೊಳ್ಳಲೇ ಇಲ್ಲ. ಅವರ ಕಾರ್ಖಾನೆಯಿದ್ದ ಜಾಗವು ಊರಿನ ಹೊಸ ಬಡಾವಣೆಗೆ ಬೇಕಾಗಿ, ಅಲ್ಲಿಂದ ಎಬ್ಬಿಸಲ್ಪಟ್ಟರು. 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ಪಾಪಾಸುಕಳ್ಳಿಯ ಬಂಜರು ಭೂಮಿಯಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅದರ ವಿಸ್ತಾರ 32 ಎಕರೆ. 1941ರಲ್ಲಿ ಅದೇ ಮನೆತನ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿಯನ್ನು ಸ್ಥಾಪಿಸಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಈ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿದಾಗ ಊರಿಗೆ ಊರೇ ಮಂಕಾಯಿತು. ಅದರ ಕಚ್ಚಾವಸ್ತು ಕಬ್ಬಿಣ. ಮಲೆನಾಡಿನ ಕಾಡಿನ ಮೇಲೆ ಅದಕ್ಕೆ ಅಷ್ಟಾಗಿ ಕಣ್ಣು ಬೀಳಲಿಲ್ಲ.

ಈಚೆ ದಡದ ಕಥೆ ಬೇರೆ. 1972ರಲ್ಲಿ ಬಿರ್ಲಾ ಮನೆತನದ ಗ್ವಾಲಿಯರ್ ರೇಯಾನ್ ಕಂಪನಿ ಇಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯನ್ನು ಆರಂಭಿಸಿತು. ಮರದ ತಿರುಳಿನಿಂದ ಕೃತಕ ನೂಲಿಗೆ ಬೇಕಾದ ಪಲ್ಪ್ ತಯಾರಿಸುವುದು ಅದರ ಕಸುಬು. ಕಾರ್ಖಾನೆಯ ಗೋಡೆ, ಒಳಗಿನ ವಸತಿ, ಶಾಲೆ ಎಲ್ಲವೂ ದಾರಿಹೋಕರ ಕಣ್ಣಿಗೆ ಕಾಣುತ್ತವೆ. ಸಾವಿರಾರು ಜನರಿಗೆ ಅದು ಅನ್ನ ಕೊಟ್ಟಿತೆಂಬುದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಮರವನ್ನು ತಿನ್ನುವ ಕಾರ್ಖಾನೆಯ ಎಸ್ಟೇಟು ಗೋಡೆಯೊಳಗೆ ಮುಗಿಯುವುದಿಲ್ಲ. ಅದಕ್ಕೆ ನೀರು ಬೇಕು, ಬಳಸಿದ ನೀರನ್ನು ಹೊರಚೆಲ್ಲಲು ಹೊಳೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಕಾಡು ಬೇಕು. ಇದೇ ಕಂಪನಿ ಕೇರಳದ ಮಾವೂರಿನಲ್ಲಿ ಚಾಲಿಯಾರ್ ನದಿಯ ದಡದಲ್ಲಿ 1963ರಲ್ಲಿಯೇ ಕಾರ್ಖಾನೆ ಹೂಡಿತ್ತು. ಅಲ್ಲಿನ ಬಿದಿರಿಗೆ ಬಂದ ಗತಿ ಸಹ್ಯಾದ್ರಿಯುದ್ದಕ್ಕೂ ತಿಳಿದ ಸಂಗತಿ. ಧಾರವಾಡದ ಪಕ್ಕದ ದಾಂಡೇಲಿಯ ಕಾಗದದ ಗಿರಣಿಗೆ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಬಿದಿರು ದೊರೆತಿತ್ತೆಂಬುದನ್ನು ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವ ಮೇದಾರನಿಗೆ ಆ ದರ ಎಂದೂ ಸಿಕ್ಕಿರಲಿಲ್ಲ.

ಮೊದಲು ಕೂಗೆದ್ದುದು ಹೊಳೆಯಿಂದ. 1984ರಲ್ಲಿ ತುಂಗಭದ್ರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತಾಗ ಕೆಳಭಾಗದ ಹಳ್ಳಿಗಳ ಜನ ಕಾರ್ಖಾನೆಯ ತ್ಯಾಜ್ಯದತ್ತ ಬೆರಳು ತೋರಿದರು. ಆ ಹೋರಾಟದಲ್ಲಿಯೇ ಎಸ್. ಆರ್. ಹಿರೇಮಠರ ಮುಂದಾಳುತನದ, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಬೆಳೆಯಿತು.

ಅದೇ ವರ್ಷ ಸರ್ಕಾರ ಮತ್ತು ಕಂಪನಿ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಕಟ್ಟಿದವು. ಸರ್ಕಾರದ ಪಾಲು ಶೇಕಡಾ 51, ಕಂಪನಿಯದು 49. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಒಟ್ಟು 30,000 ಹೆಕ್ಟೇರ್ ನೆಲವನ್ನು 40 ವರ್ಷಗಳ ಗೇಣಿಗೆ ಕೊಟ್ಟು, ಅಲ್ಲಿ ನೀಲಗಿರಿಯನ್ನು ಬೆಳೆದು ಕಾರ್ಖಾನೆಗೆ ಒದಗಿಸುವ ಯೋಜನೆಯದು. ಎಕರೆಯ ಲೆಕ್ಕದಲ್ಲಿ 74,000ಕ್ಕೂ ಅಧಿಕ. ಕಿರ್ಲೋಸ್ಕರವಾಡಿಯ 32 ಎಕರೆಯನ್ನು ಇಲ್ಲಿ ನೆನೆಯಬಹುದು.

ಕಡತಗಳಲ್ಲಿ ಆ ನೆಲಕ್ಕೆ ಸಿ ಮತ್ತು ಡಿ ದರ್ಜೆಯ ಭೂಮಿ ಎಂಬ ಹೆಸರು. ಬೇಸಾಯಕ್ಕೆ ಒದಗದ ಪಾಳು ಎಂದು ಅಧಿಕಾರಿಗಳ ಭಾವನೆ. ಆದರೆ ಪಾಳೆಂಬ ಪದ ಕಚೇರಿಯದು, ಊರಿನದಲ್ಲ. ದನಕರು ಮೇಯುವುದು, ಸೌದೆ ಆಯುವುದು, ಗೊಬ್ಬರಕ್ಕೆ ಸೊಪ್ಪು ತರುವುದು, ನೇಗಿಲಿಗೆ ಮರ ಹುಡುಕುವುದು ಎಲ್ಲವೂ ಅಲ್ಲಿಯೇ. ಸ್ವಂತ ಹೊಲವಿಲ್ಲದ ಮನೆಯ ಆಡು ಎಲ್ಲಿ ಮೇಯಬೇಕು? ನೀಲಗಿರಿಯ ಎಲೆಯನ್ನು ಆಡೂ ಮೂಸುವುದಿಲ್ಲ.

1986ರ ಕೊನೆಯಲ್ಲಿ ಶಿವರಾಮ ಕಾರಂತರೂ ಸಮುದಾಯದವರೂ ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ಮಾರ್ಚಿಯಲ್ಲಿ ನ್ಯಾಯಾಲಯ ಮತ್ತಷ್ಟು ಭೂಮಿಯನ್ನು ಹಸ್ತಾಂತರಿಸದಂತೆ ತಡೆಯಾಜ್ಞೆ ನೀಡಿತು. ಆದರೂ ಹಳ್ಳಿಗರು ನ್ಯಾಯಾಲಯವನ್ನೇ ನಂಬಿ ಕುಳಿತುಕೊಳ್ಳಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೆರೆದು ಸಾಂಕೇತಿಕವಾಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಗುಂಡಿಗಳಲ್ಲಿ ಹಣ್ಣು, ಮೇವು ಕೊಡುವ ಊರುಪಯೋಗಿ ಸಸಿಗಳನ್ನು ನೆಟ್ಟರು. ಅದಕ್ಕೆ ಕಿತ್ತಿಕೋ ಹಚ್ಚಿಕೋ ಎಂದು ಹೆಸರಾಯಿತು. ‘ಹಚ್ಚು’ ಎಂದರೆ ಉತ್ತರ ಕರ್ನಾಟಕದ ಮಾತಿನಲ್ಲಿ ನೆಡು. ಕೀಳುವುದಷ್ಟೇ ಆಗಿದ್ದರೆ ಅದು ಬರೀ ಸಿಟ್ಟಿನ ಕೆಲಸವಾಗುತ್ತಿತ್ತು.

ಪಂಚಾಯತಿಗಳು ಠರಾವು ಮಾಡಿದವು, ಜನಪ್ರತಿನಿಧಿಗಳೂ ಸಹಿ ಹಾಕಿದರು. 1991ರಲ್ಲಿ ಸರ್ಕಾರ ಆ ಜಂಟಿ ಸಂಸ್ಥೆಯನ್ನು ಮುಚ್ಚಲು ತೀರ್ಮಾನಿಸಿತು.

ಕಾರ್ಖಾನೆ ನಿಲ್ಲಲಿಲ್ಲ, ರೈತರ ಸ್ವಂತ ಹೊಲಗಳಲ್ಲಿ ಬೆಳೆದ ಮರವನ್ನು ಕೊಳ್ಳುತ್ತ ಬಂದಿತು. ಹೀಗೆ ನೀಲಗಿರಿ ಗೋಮಾಳದಿಂದ ಹೊರಬಿದ್ದು ಹೊಲ ಸೇರಿತು. ಯಾರೂ ಒತ್ತಾಯಿಸದೆ, ಕೂಲಿಯಾಳು ಸಿಗದ ರೈತನೇ ಅದನ್ನು ನೆಟ್ಟದ್ದರಿಂದ ಅದರ ವಿರುದ್ಧ ಸತ್ಯಾಗ್ರಹ ಹೂಡುವುದು ಅಷ್ಟು ಸುಲಭವಿರಲಿಲ್ಲ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ ನೀಲಗಿರಿಯ ಹೊಸ ನಾಟಿಯನ್ನು ನಿಷೇಧಿಸಿದ್ದು 2017ರಲ್ಲಿ, ಕುಸನೂರಿನ ಆ ದಿನದಿಂದ ಮೂವತ್ತನೆಯ ವರ್ಷ.