ಎರಡು ಪಕ್ಷಗಳ ನಡುವಿನ ಹುಡುಗ



ಚಿಕ್ಕಬಳ್ಳಾಪುರದಲ್ಲಿ ಇಂದು ಆರಂಭವಾಗುತ್ತಿರುವ ಈ ಪುಸ್ತಕ ಮೇಳದಲ್ಲಿ ಸ್ಕಾಟ್ಲೆಂಡಿನ ಐತಿಹಾಸಿಕ ಸಾಹಸ ಕಾದಂಬರಿಗಳಿಗೂ ಒಂದು ಮಳಿಗೆ ಮೀಸಲಾಗಿರುವುದು ಸಂತೋಷದ ಸಂಗತಿ; ಏಕೆಂದರೆ ಆ ಕಾದಂಬರಿಗಳ ನಾಯಕ ರಾಜನೂ ಅಲ್ಲ, ದಂಡನಾಯಕನೂ ಅಲ್ಲ, ಎರಡು ಪಕ್ಷಗಳ ಕಾದಾಟದ ನಡುವೆ ಸಿಕ್ಕಿಕೊಂಡ ಎಳೆಯ ಪ್ರಾಯದವನು. 1814ರ ‘ವೇವರ್ಲಿ’ಯಲ್ಲಿ ವಾಲ್ಟರ್ ಸ್ಕಾಟ್ ರೂಪಿಸಿದ ಈ ಮಾದರಿಗೆ ಹೆಚ್ಚಿನ ಬಿಗಿ ಬಂದದ್ದು 1886ರಲ್ಲಿ ಪ್ರಕಟವಾದ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಕಿಡ್ನ್ಯಾಪ್ಡ್’ ಕಾದಂಬರಿಯಲ್ಲಿ.

ಅದರ ನಾಯಕ ಡೇವಿಡ್ ಬಾಲ್ಫರ್, ತಂದೆ ತೀರಿಕೊಂಡ ಮೇಲೆ, 1751ರ ಜೂನ್ ತಿಂಗಳ ಒಂದು ಮುಂಜಾನೆ ಹಳ್ಳಿ ಬಿಟ್ಟು ಕಾಲ್ನಡಿಗೆಯಲ್ಲಿ ಹೊರಡುತ್ತಾನೆ. ಚಿಕ್ಕಪ್ಪನ ಮೋಸದಿಂದ ಹಡಗಿನಲ್ಲಿ ಸೆರೆಯಾಗಿ, ಅಲ್ಲಿ ಆಲನ್ ಬ್ರೆಕ್ ಎಂಬ ಜಾಕೊಬೈಟನ ಜೊತೆಗಾರನಾಗುತ್ತಾನೆ. ಜಾಕೊಬೈಟರೆಂದರೆ ಪದಚ್ಯುತ ಸ್ಟುವರ್ಟ್ ವಂಶವನ್ನು ಮರಳಿ ಪಟ್ಟಕ್ಕೇರಿಸಲು ಹೋರಾಡಿ 1746ರ ಕಲೋಡನ್ ಕಾಳಗದಲ್ಲಿ ಸೋತವರು. ಡೇವಿಡ್ಡನಾದರೋ ಆಳುವ ದೊರೆ ಜಾರ್ಜನಿಗೆ ನಿಷ್ಠನಾದವನು. ಕೆಳಗೆ ದೊರೆಯ ಸೈನಿಕರು ಬೀಡುಬಿಟ್ಟಿರುವಾಗ, ತಲೆಮರೆಸಿಕೊಂಡ ಇವರಿಬ್ಬರೂ ಕಾದ ಬಂಡೆಯ ನೆತ್ತಿಯಲ್ಲಿ ನೀರಿಲ್ಲದೆ ಹಗಲೆಲ್ಲ ಮಲಗಿರುತ್ತಾರೆ. ಇಸ್ಪೀಟಿನಲ್ಲಿ ಆಲನ್ ಗೆಳೆಯನ ಹಣವನ್ನೂ ಕಳೆದಾಗ ಮಾತು ಬಿಟ್ಟು ನಡೆಯುತ್ತಾರೆ, ಕೊನೆಗೆ ಕತ್ತಿ ಹಿರಿಯುವವರೆಗೆ ಜಗಳ ಬೆಳೆಯುತ್ತದೆ. ಯಾರೊಬ್ಬರೂ ಪಕ್ಷ ಬದಲಿಸದೆಯೇ ಸ್ನೇಹ ಗಟ್ಟಿಯಾಗುವ ಈ ಬಗೆಯೇ ಕಾದಂಬರಿಯ ತಿರುಳು.

ಆ ಲೋಕ ಇಲ್ಲಿನ ನಂದಿ ಬೆಟ್ಟಕ್ಕೆ ತೀರ ದೂರದ್ದಲ್ಲ. 1791ರ ಅಕ್ಟೋಬರಿನಲ್ಲಿ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ನಂದಿದುರ್ಗಕ್ಕೆ ಲಗ್ಗೆಯಿಟ್ಟಾಗ ಅದರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ 71ನೇ ಪಡೆಯ ಸೈನಿಕರೂ ಇದ್ದರು. ಭಾರತವನ್ನೇ ಕಾಣದ ಸ್ಕಾಟ್ 1827ರ ‘ದಿ ಸರ್ಜನ್ಸ್ ಡಾಟರ್’ ಕಥೆಯಲ್ಲಿ ತನ್ನ ನಾಡಿನಿಂದ ತರುಣರನ್ನು ಹೈದರಾಲಿಯ ಮೈಸೂರಿಗೆ ಕರೆತಂದನು. ನಂದಿಯ ಮುತ್ತಿಗೆಯನ್ನು ಕೋಟೆಯೊಳಗಿನ ಹುಡುಗನೊಬ್ಬನ ಕಣ್ಣಿನಿಂದ ಕಾಣಿಸುವ ಕೆಲಸ ಕನ್ನಡದ ಲೇಖಕರಿಗೆ ಸಲ್ಲತಕ್ಕದ್ದು.

ಅಂಥ ನಾಯಕನಿಗಾಗಿ ಅಷ್ಟು ಹಿಂದಕ್ಕೆ ಹೋಗಬೇಕೆಂದೇನೂ ಇಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು, ಓದಿನ ಹಂಬಲದಿಂದ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದರು. ನ್ಯಾಷನಲ್ ಹೈಸ್ಕೂಲಿಗೆ 1936ರಲ್ಲಿ ಬಂದ ಗಾಂಧೀಜಿಯವರ ಹಿಂದಿ ಮಾತುಗಳನ್ನು ವಿದ್ಯಾರ್ಥಿಯಾಗಿದ್ದಾಗಲೇ ಕನ್ನಡಕ್ಕೆ ತಂದರು. 1942ರಲ್ಲಿ ಕಾಲೇಜು ತೊರೆದು ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಸೆರೆಮನೆ ಕಂಡು, ಮರಳಿ ಬಂದು ಓದು ಮುಗಿಸಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದರು. ಡೇವಿಡ್ಡನ ನಡಿಗೆಯನ್ನು ಓದಿ ಮೈಮರೆಯುವ ಮಕ್ಕಳಿಗೆ ಈ ನಡಿಗೆಯೂ ತಿಳಿದಿರಬೇಕು.

ಅದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಬಾವುಟ ಹಿಡಿದ ಹುಡುಗನೊಬ್ಬ, ಅವನ ಜೀವದ ಗೆಳೆಯನಾದ ಪೊಲೀಸ್ ಪೇದೆಯ ಮಗನೊಬ್ಬ, ಇವರಿಬ್ಬರ ಆ ಒಂದು ದಿನ ಸಾಕು, ಸ್ಟೀವನ್‌ಸನ್ನನಿಗೆ ಸಮನಾದ ಕಾದಂಬರಿಯೊಂದಕ್ಕೆ. ಅದನ್ನು ಬರೆಯುವ ಕೈ ಚಿಂತಾಮಣಿ, ಶಿಡ್ಲಘಟ್ಟಗಳ ಶಾಲೆಗಳಿಂದ ಇಲ್ಲಿಗೆ ಬಂದಿರುವ ಮಕ್ಕಳ ನಡುವೆಯೇ ಇರಲೆಂದು ಹಾರೈಸುತ್ತ, ಈ ಮೇಳವು ಉದ್ಘಾಟನೆಗೊಂಡಿದೆಯೆಂದು ಘೋಷಿಸುತ್ತೇನೆ.