ನಾಯಿಯನ್ನು ಮೋಟಾರಿನಲ್ಲಿ ಕೂಡಿಸುವ ಬಗೆ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕರಿಹಲಗೆಯ ಮೇಲೆ ಓದಿ ಕೆಲವರು ನಕ್ಕರೆಂದು ಕೇಳಿದೆ. ಲೋಕಲ್ ಗಾಡಿಯಲ್ಲಿ ನಮಗೇ ನಿಲ್ಲಲು ಜಾಗವಿಲ್ಲ, ನಾಯಿಯ ಮೋಟಾರು ಪ್ರಯಾಣದ ಚಿಂತೆ ನಮಗೇಕೆ ಎಂದು ಅವರ ಪ್ರಶ್ನೆ. ಆದರೆ ನಮ್ಮ ಸದಸ್ಯರ ಪಟ್ಟಿಯನ್ನೊಮ್ಮೆ ನೋಡಿರಿ. ಡ್ರೈವರರು ಎಷ್ಟು ಜನ, ಬಂಗಲೆಗಳ ಕಾವಲುಗಾರರು, ಅಡಿಗೆಯವರು ಎಷ್ಟು ಜನ! ಧಣಿಗಳು "ನಾಯಿಯನ್ನು ದವಾಖಾನೆಗೆ ತೋರಿಸಿಕೊಂಡು ಬಾ" ಎಂದು ಹೇಳಿ ಹೊರಟುಹೋಗುತ್ತಾರೆ. ಕಾರು ನಮ್ಮದಲ್ಲ, ನಾಯಿಯೂ ನಮ್ಮದಲ್ಲ. ಕಚ್ಚಿಸಿಕೊಳ್ಳುವ ಕೈ ಮಾತ್ರ ನಮ್ಮದು.

ನಾನು ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವನು, ಪಶುವೈದ್ಯನಲ್ಲ. ತಪ್ಪು ಮಾಡಿ ಕಲಿತದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಚಾಳಿನಲ್ಲಿ ಒಬ್ಬ ಮುದುಕರಿದ್ದಾರೆ, ಒಂಟಿ ಜೀವ. ಅವರ ನಾಯಿ ಮೋತಿ, ಹತ್ತು ವರ್ಷದ್ದು. ಹಿಂಗಾಲಿಗೆ ಹುಣ್ಣಾಗಿ ಕೀವು ತುಂಬಿತು. ಪರೇಲಿನ ಪ್ರಾಣಿಗಳ ದವಾಖಾನೆಗೆ ಒಯ್ಯುವದೆಂದಾಯಿತು. ಈ ದವಾಖಾನೆ 1880ರ ದಶಕದ್ದು. ಗಿರಣಿಗಳ ಒಡೆಯರಾದ ಸರ್ ದಿನ್ಶಾ ಮಾನೆಕ್‌ಜಿ ಪೆಟಿಟ್ ಅವರ ಹೆಂಡತಿ ಸಾಕರಬಾಯಿಯವರ ಹೆಸರಿನಲ್ಲಿದೆ. ಸುತ್ತಲಿನ ಗಿರಣಿಗಳ ಚಿಮಣಿ ಆರಿ ಎಷ್ಟೋ ವರ್ಷವಾಯಿತು, ದವಾಖಾನೆ ಇನ್ನೂ ನಡೆದಿದೆ. ಇರಲಿ.

ಟ್ಯಾಕ್ಸಿ ಬಂತು. ಮೋತಿ ನಾಲ್ಕೂ ಕಾಲು ಚಾಚಿ ನೆಲ ಹಿಡಿಯಿತು. ನಾನು ಕೊರಳ ಪಟ್ಟಿ ಹಿಡಿದು ಎಳೆದೆ, ಇನ್ನೊಬ್ಬ ಹಿಂದಿನಿಂದ ನೂಕಿದ. ಟ್ಯಾಕ್ಸಿಯವನಿಗೆ ಅವಸರ. ಕಡೆಗೆ ಕೂಸನ್ನು ಎತ್ತಿದ ಹಾಗೆ ಮುಂಗಾಲ ಕಂಕುಳಿಗೆ ಕೈ ಹಾಕಿ ಎತ್ತಿದೆ. ಭಾರವೆಲ್ಲ ನೋಯುವ ಹಿಂಭಾಗಕ್ಕೆ ಜೋತುಬಿತ್ತು. ಮೋತಿ ಕಿರುಚಿ ನನ್ನ ಮುಂಗೈ ಕಚ್ಚಿತು. ಆಗಲೂ ನನಗೆ ಬುದ್ಧಿ ಬರಲಿಲ್ಲ. ಒಳಗೆ ಹಾಕಿ, ಕೊರಳ ಹಗ್ಗವನ್ನು ಬಾಗಿಲ ಹಿಡಿಗೆ ಬಿಗಿದೆ. ದಾರಿಯಲ್ಲಿ ಯಾರೋ ಅಡ್ಡ ಬಂದರು, ಬ್ರೇಕು ಬಿತ್ತು. ಮೋತಿ ಸೀಟಿನಿಂದ ಜಾರಿ ಕೊರಳಿನಲ್ಲಿ ನೇತಾಡಿತು. ಹಗ್ಗ ಬಿಚ್ಚುವಷ್ಟರಲ್ಲಿ ಅದರ ನಾಲಿಗೆ ನೀಲಿಯಾಗಿತ್ತು.

ಬದುಕಿತು. ಮುದುಕರು ನನ್ನನ್ನು ಬೈಯಲಿಲ್ಲ. "ನಾನು ಕರೆದೆನೆಂದು ಅದು ಹೊರಗೆ ಬಂದಿತ್ತು" ಎಂದಷ್ಟೇ ಅಂದರು. ಆ ಮಾತು ಕಚ್ಚಿದ್ದಕ್ಕಿಂತ ಹೆಚ್ಚು ದಿನ ನೋಯಿತು.

ಕಚ್ಚಿದ ವಿಷಯ ಬಂದದ್ದರಿಂದ ಹೇಳುತ್ತೇನೆ. ಸಾಕಿದ ನಾಯಿಯೇ ಇರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಗಡಿಯಾರ ನೋಡಿ 15 ನಿಮಿಷ ತೊಳೆಯಬೇಕು, ಅದೇ ದಿನ ಡಾಕ್ಟರರ ಬಳಿ ಹೋಗಬೇಕು. ಅರಿಸಿನ, ಸುಣ್ಣ, ಖಾರದಪುಡಿ ಬೇಡ. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವದಿಲ್ಲವೆಂದೇ ತಿಳಿಯಿರಿ.

ಮೋತಿಗೆ ಮತ್ತೆ ಮತ್ತೆ ಪಟ್ಟಿ ಕಟ್ಟಿಸಬೇಕಾಗಿತ್ತು. ಅದೋ, ಕಾರಿನ ಸಪ್ಪಳ ಕೇಳಿದರೆ ಮಂಚದ ಕೆಳಗೆ ಸೇರುತ್ತಿತ್ತು. ಸ್ವರ್ಗಕ್ಕೆ ಹೋಗುವಾಗ ಧರ್ಮರಾಯನು ನಾಯಿಯನ್ನು ಬಿಟ್ಟು ಇಂದ್ರನ ರಥ ಹತ್ತಲಾರೆನೆಂದನಲ್ಲವೆ? ಆ ನಾಯಿ ಸಾಕ್ಷಾತ್ ಯಮಧರ್ಮ. ಹತ್ತಿಸುವ ತೊಂದರೆಯೇ ಬೀಳಲಿಲ್ಲ. ನಮ್ಮದು ಬರಿಯ ಮೋತಿ. ಆಗ ನಮ್ಮ ಸದಸ್ಯರೊಬ್ಬರು, ಉಡುಪಿ ಕಡೆಯ ಡ್ರೈವರರು, ತಮ್ಮ ಬಿಡುವಿನ ವೇಳೆಯಲ್ಲಿ ಧಣಿಗಳ ಅಪ್ಪಣೆ ಪಡೆದು ಕಾರು ತಂದು ನಿಲ್ಲಿಸಿದರು.

ಮೊದಲ ದಿನ ಇಂಜಿನು ಬಂದ್, ಎರಡೂ ಬದಿಯ ಬಾಗಿಲು ತೆರೆದದ್ದು. ಕಾರಿನ ಬಳಿ ಚಪಾತಿಯ ಚೂರು ಕೊಟ್ಟು ಮನೆಗೆ ಕಳಿಸಿದರು, ಅಷ್ಟೇ. ಮರುದಿನ ಚೂರು ಹೊಸ್ತಿಲ ಮೇಲೆ, ಆಮೇಲೆ ಸೀಟಿನ ಮೇಲೆ. ಇಳಿಯಬೇಕೆಂದರೆ ಇಳಿಯಲು ಬಿಟ್ಟರು. ಮೋತಿ ತಾನಾಗಿ ಒಳಗೆ ಕೂತಮೇಲೆ ಬಾಗಿಲು ಹಾಕಿದರು, ಇಂಜಿನು ಹಚ್ಚಿದರು, ಓಣಿಯ ತುದಿಯವರೆಗೆ ಹೋಗಿಬಂದರು. ಹತ್ತು ದಿನ ಹಿಡಿಯಿತು. ಹಿಂಗಾಲಿಗೆ ಜಿಗಿಯುವ ಶಕ್ತಿಯಿಲ್ಲವಲ್ಲ, ಅದಕ್ಕೆ ನಾನು ಉದ್ದನೆಯ ಹಲಗೆಗೆ ಗೋಣಿತಟ್ಟು ಬಡಿದು ಇಳಿಜಾರು ಮಾಡಿದೆ. ಹಲಗೆ ಗಿಡ್ಡವಾದರೆ ಏರು ಕಡಿದಾಗುತ್ತದೆ, ನುಣುಪಾದರೆ ಉಗುರು ಜಾರುತ್ತದೆ. ಮೊದಲು ಅದನ್ನು ನೆಲದ ಮೇಲೆ ಹಾಸಿ ನಡೆಸಿರಿ. ಎತ್ತಲೇಬೇಕಾದರೆ ಒಂದು ತೋಳು ಎದೆಯ ಕೆಳಗೆ, ಇನ್ನೊಂದು ತೊಡೆಯ ಹಿಂದೆ, ಬೆನ್ನು ಸಮವಾಗಿರಲಿ. ದೊಡ್ಡ ನಾಯಿಗೆ ಇಬ್ಬರು ಬೇಕು.

ಒಳಗೆ ಕೂತಮೇಲೆ ಕೊರಳಿಗೆ ಕಟ್ಟಬಾರದು. ಎದೆಯನ್ನು ಬಳಸುವ ಅಗಲ ಪಟ್ಟಿ ಸಿಗುತ್ತದೆ. ಅದನ್ನು ಹಿಂದಿನ ಸೀಟಿನ ಬೆಲ್ಟಿಗೆ ಸೇರಿಸಬೇಕು. ಕೂಡಲು, ಮಲಗಲು ಬರುವಷ್ಟೇ ಸಡಿಲ. ಮುಂದಿನ ಸೀಟು ಬೇಡ. ಏರ್‌ಬ್ಯಾಗು ಸಿಡಿದರೆ ನಾಯಿಗೆ ಅಪಾಯ, ಅಲ್ಲದೆ ಅದು ಡ್ರೈವರನ ಕಾಲಿಗೆ ನುಗ್ಗಿದರೆ ಎಲ್ಲರಿಗೂ ಅಪಾಯ. ಕಿಡಿಕಿಯಿಂದ ತಲೆ ಹೊರಗೆ ಬಿಡಬಾರದು. ಹೊರಡುವ ಮುಂಚೆ ಮೂರು ನಾಲ್ಕು ತಾಸು ಊಟ ಕೊಡದಿದ್ದರೆ ವಾಂತಿ ಕಡಿಮೆ. ಇಳಿಯುವಾಗ ಹಗ್ಗ ಕೈಯಲ್ಲಿ ಹಿಡಿದ ಮೇಲೆಯೇ ಬಾಗಿಲು ತೆರೆಯಿರಿ.

ಡ್ರೈವರ ಬಂಧುಗಳಿಗೆ ಇನ್ನೊಂದು. ಚಹಾ ಕುಡಿದು ಬರುತ್ತೇನೆಂದು ನಾಯಿಯನ್ನು ಬಿಸಿಲ ಕಾರಿನಲ್ಲಿ ಬಿಟ್ಟು ಹೋಗಬೇಡಿರಿ. ಹೊರಗೆ 24 ಡಿಗ್ರಿ ಇದ್ದಾಗಲೇ ಮುಚ್ಚಿದ ಕಾರು ಹತ್ತು ನಿಮಿಷದಲ್ಲಿ ಸುಮಾರು 34 ಡಿಗ್ರಿಗೆ, ಅರ್ಧ ತಾಸಿನಲ್ಲಿ 40ರ ಮೇಲಕ್ಕೆ ಏರುತ್ತದೆ. ಗಾಜು ಎರಡು ಬೆರಳು ಇಳಿಸಿದರೆ ಹೆಚ್ಚೇನೂ ಉಪಯೋಗವಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವದಿಲ್ಲ. ತೇಕಿಯೇ ತಂಪಾಗಬೇಕು, ಒಳಗಿನ ಗಾಳಿಯೇ ಕಾದರೆ ತೇಕಿ ಏನು ಬಂತು?

ಮೋತಿ ಈಗ ಹಲಗೆ ಹತ್ತಿ ಹೋಗುತ್ತದೆ, ಆದರೆ ನನ್ನನ್ನು ಕಂಡರೆ ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಹಲಗೆಯನ್ನೂ ಎದೆಪಟ್ಟಿಯನ್ನೂ ವಾಚನಾಲಯದ ಕಪಾಟಿನ ಬದಿಗೆ ಇಟ್ಟಿದ್ದೇನೆ. ಬೇಕಾದವರು ಪುಸ್ತಕದ ರಜಿಸ್ಟರಿನಲ್ಲಿಯೇ ಸಹಿ ಮಾಡಿ ಒಯ್ಯಬಹುದು. ಎಂಟು ದಿನದೊಳಗೆ ಮರಳಿಸಬೇಕು.